ಹಸ್ತಾಕ್ಷರಕ್ಕೆ ಒರೆಗಲ್ಲು ಯಾವುದು? ಕ್ರೀಡಾ ಸ್ಮರಣಿಕೆಗಳ ಖರೀದಿಯಲ್ಲಿ ಗಮನಿಸಬೇಕಾದ ಸಂಗತಿಗಳು

ಚಿನ್ನದ ವ್ಯಾಪಾರಕ್ಕೆ ಒರೆಗಲ್ಲಿದೆ. ಸಂದೇಹ ಬಂದರೆ ಅಕ್ಕಸಾಲಿಗನು ಒಡವೆಯನ್ನು ಕಲ್ಲಿಗೆ ತೀಡಿ ನೋಡುತ್ತಾನೆ. ಈಗ ಅದರ ಜೊತೆಗೆ ಬಿಐಎಸ್ ಹಾಲ್‌ಮಾರ್ಕ್ ಮತ್ತು ಆರು ಅಕ್ಷರಾಂಕಿಗಳ ಎಚ್‌ಯುಐಡಿ ಗುರುತೂ ಸೇರಿವೆ. ಮೆಕ್ಕೆಜೋಳದ ಚೀಲಕ್ಕೆ ತೇವಾಂಶ ಅಳೆಯುವ ಯಂತ್ರವಿದೆ. ಆದರೆ ಪ್ರಸಿದ್ಧ ಆಟಗಾರನೊಬ್ಬನು ಸಹಿ ಮಾಡಿದ್ದಾನೆಂದು ಹೇಳಿ ಮಾರುವ ಬ್ಯಾಟು, ಚೆಂಡು ಅಥವಾ ಜೆರ್ಸಿ ಎದುರಿಗೆ ಬಂದಾಗ, ಅದನ್ನು ಯಾವ ಕಲ್ಲಿಗೆ ತೀಡಿ ನೋಡಬೇಕು? ಸಹಿಯುಳ್ಳ ಕ್ರೀಡಾ ಸ್ಮರಣಿಕೆಗಳ ವ್ಯಾಪಾರದ ಲಾಭನಷ್ಟಗಳೆಲ್ಲವೂ ಈ ಒಂದು ಪ್ರಶ್ನೆಯ ಸುತ್ತಲೇ ಇವೆ.

ಇದು ಕೇವಲ ಮಹಾನಗರಗಳ ಸಿರಿವಂತರ ವಿಷಯವೆಂದು ತಳ್ಳಿಹಾಕುವಂತಿಲ್ಲ. ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಲ್ಲಿ ಕಾಳಿನ ವ್ಯಾಪಾರ ಮಾಡುವ ಒಬ್ಬರು, ಊರಿನ ಶಾಲೆಯ ಕೊಠಡಿಯೊಂದಕ್ಕೆ ಹಣ ಕೂಡಿಸಲೆಂದು ಸಹಿಯುಳ್ಳ ಬ್ಯಾಟೊಂದನ್ನು ಕೊಂಡು ತಂದು, ಕ್ರಿಕೆಟ್ ಪಂದ್ಯಾವಳಿಯ ಕೊನೆಯ ದಿನ ಹರಾಜಿಗೆ ಇಡಬಯಸಿದ್ದಾರೆಂದು ಭಾವಿಸಬಹುದು. ಅವರು ಬೆಂಗಳೂರಿನ ವಿಶೇಷ ಮಳಿಗೆಗೆ ಹೋಗಬಹುದು. ಇಲ್ಲವೇ ಮೊಬೈಲಿನಲ್ಲಿಯೇ ನಲವತ್ತು ಸಾವಿರ ರೂಪಾಯಿ ಪಾವತಿಸಿ ತರಿಸಿಕೊಳ್ಳಬಹುದು. ಆ ಸಹಿ ನಕಲಿಯೆಂದು ಮುಂದೊಂದು ದಿನ ತಿಳಿದರೆ ಹೋಗುವುದು ಅವರ ಹಣವಷ್ಟೇ ಅಲ್ಲ. ಹರಾಜಿನಲ್ಲಿ ಕೂಗಿ ಕೊಂಡ ನೆಂಟರಿಷ್ಟರ ಮುಂದೆ, ಹಣ ಪಡೆದ ಶಾಲೆಯ ಮುಂದೆ, ಅವರ ತಕ್ಕಡಿಯ ಮೇಲಿನ ನಂಬಿಕೆಯೂ ಕುಗ್ಗುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಈ ಸರಕಿನ ಸ್ವಭಾವವನ್ನು ಅರಿತುಕೊಳ್ಳುವುದು ಅವಶ್ಯಕ.

ಮಾರಾಟವಾಗುವುದು ಏನು?

ಸಹಿಯಿಲ್ಲದ ಬ್ಯಾಟಿಗೆ ಅದರ ಮರ, ತಯಾರಕರು ಮತ್ತು ಗುಣಮಟ್ಟವನ್ನು ಅನುಸರಿಸಿ ಬೆಲೆ ಕಟ್ಟಬಹುದು. ಸಹಿ ಬಿದ್ದೊಡನೆ ಬೆಲೆಯ ಆಧಾರವೇ ಬದಲಾಗುತ್ತದೆ. ಆಗ ಗ್ರಾಹಕನು ಹಣ ಕೊಡುವುದು ಮರಕ್ಕಲ್ಲ. ಆ ಮರಕ್ಕೂ ಒಬ್ಬ ವ್ಯಕ್ತಿಯ ಕೈಗೂ ಇದ್ದ ಸಂಬಂಧಕ್ಕೆ. ಆ ಸಂಬಂಧ ನಿಜವಾಗಿದ್ದರೆ ಬೆಲೆಯುಂಟು, ಇಲ್ಲವಾದರೆ ಉಳಿಯುವುದು ಬರಿಯ ಬ್ಯಾಟು. ಈ ಕಾರಣದಿಂದ ವ್ಯಾಪಾರದಲ್ಲಿ ಬಳಸುವ ಮಾತುಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು.

ಸ್ವಹಸ್ತ ಸಹಿ ಎಂದರೆ ಆಟಗಾರನು ಆ ವಸ್ತುವಿನ ಮೇಲೆ ತಾನೇ ಮಾಡಿದ ಸಹಿ. ಮುದ್ರಿತ ಸಹಿ ಎಂದರೆ ಕಾರ್ಖಾನೆಯಲ್ಲಿ ಅಚ್ಚಾದದ್ದು. ಚಿಕ್ಕ ಬ್ಯಾಟುಗಳ ಮೇಲೆ, ಭಿತ್ತಿಚಿತ್ರಗಳ ಮೇಲೆ ಕಾಣುವ ಸಹಿಗಳಲ್ಲಿ ಅನೇಕವು ಈ ಬಗೆಯವು. ಅವುಗಳನ್ನು ಮಾರುವುದು ತಪ್ಪಲ್ಲ, ಸ್ವಹಸ್ತ ಸಹಿಯೆಂದು ಮಾರುವುದು ತಪ್ಪು. ಯಂತ್ರದ ಲೇಖನಿಯಿಂದ ಮಾಡಿದ ಸಹಿ ಮೂರನೆಯ ಬಗೆ. ಆಟಗಾರನ ಪರವಾಗಿ ಸಹಾಯಕರು ಹಾಕಿದ ಸಹಿ ನಾಲ್ಕನೆಯದು. ಇವುಗಳಿಗೆಲ್ಲ ಹೊರತಾದುದು ‘ಪಂದ್ಯದಲ್ಲಿ ಬಳಸಿದ ವಸ್ತು’. ಸಹಿಯಿದ್ದ ಮಾತ್ರಕ್ಕೆ ಅದನ್ನು ಪಂದ್ಯದಲ್ಲಿ ಬಳಸಲಾಗಿತ್ತೆಂದು ಅರ್ಥವಲ್ಲ; ಅದಕ್ಕೆ ಪ್ರತ್ಯೇಕ ಪುರಾವೆ ಬೇಕು.

ಸುದ್ದಿಯ ಬೆಲೆ ಮತ್ತು ಅಂಗಡಿಯ ಬೆಲೆ

ಗ್ರಾಹಕರು ಈ ವಸ್ತುಗಳ ಬೆಲೆಯನ್ನು ಸಾಮಾನ್ಯವಾಗಿ ಕೇಳುವುದು ಹರಾಜಿನ ಸುದ್ದಿಗಳಿಂದ. 2011ರ ಏಪ್ರಿಲ್ 2ರಂದು ಮುಂಬಯಿಯಲ್ಲಿ ವಿಶ್ವಕಪ್ ಗೆದ್ದ ಸಿಕ್ಸರ್ ಹೊಡೆದ ಮಹೇಂದ್ರ ಸಿಂಗ್ ಧೋನಿಯವರ ಬ್ಯಾಟು ಅದೇ ವರ್ಷದ ಜುಲೈಯಲ್ಲಿ ಲಂಡನ್ನಿನ ಸಹಾಯಾರ್ಥ ಹರಾಜಿನಲ್ಲಿ ಒಂದು ಲಕ್ಷ ಪೌಂಡಿಗೆ ಮಾರಾಟವಾಯಿತು. ಆಸ್ಟ್ರೇಲಿಯಾದ ಕಾಡ್ಗಿಚ್ಚಿನ ಸಂತ್ರಸ್ತರಿಗಾಗಿ ಶೇನ್ ವಾರ್ನ್ 2020ರ ಜನವರಿಯಲ್ಲಿ ಹರಾಜಿಗಿಟ್ಟ ಟೆಸ್ಟ್ ಟೋಪಿಗೆ ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಅಧಿಕ ಬೆಲೆ ಬಂದಿತು. ಟೋಕಿಯೋ ಒಲಿಂಪಿಕ್ಸ್‌ನ ಚಿನ್ನದ ಪದಕ ವಿಜೇತ ನೀರಜ್ ಚೋಪ್ರಾ ಪ್ರಧಾನ ಮಂತ್ರಿಗಳಿಗೆ ನೀಡಿದ್ದ ಜಾವೆಲಿನ್, 2021ರ ಇ-ಹರಾಜಿನಲ್ಲಿ ಒಂದೂವರೆ ಕೋಟಿ ರೂಪಾಯಿಗೆ ಹೋಯಿತು.

ಕರ್ನಾಟಕದ ಉದಾಹರಣೆಯೂ ಇದೆ. ಕೆ. ಎಲ್. ರಾಹುಲ್ 2020ರಲ್ಲಿ ಮಕ್ಕಳ ನೆರವಿಗಾಗಿ ತಮ್ಮ ಆಟದ ಸಾಮಗ್ರಿಗಳನ್ನು ಹರಾಜಿಗಿಟ್ಟಾಗ, 2019ರ ವಿಶ್ವಕಪ್‌ನಲ್ಲಿ ಬಳಸಿದ ಬ್ಯಾಟಿಗೆ ಸುಮಾರು 2.64 ಲಕ್ಷ ರೂಪಾಯಿ ಬಂದಿತು. 2024ರ ಆಗಸ್ಟ್‌ನಲ್ಲಿ ಅವರೂ ಅವರ ಪತ್ನಿ ಅಥಿಯಾ ಶೆಟ್ಟಿಯವರೂ ಏರ್ಪಡಿಸಿದ್ದ ಸಹಾಯಾರ್ಥ ಹರಾಜಿನಲ್ಲಿ ವಿರಾಟ್ ಕೊಹ್ಲಿಯವರ ಜೆರ್ಸಿ 40 ಲಕ್ಷ ರೂಪಾಯಿಗೂ ರಾಹುಲ್ ದ್ರಾವಿಡ್ ಅವರ ಬ್ಯಾಟು 11 ಲಕ್ಷ ರೂಪಾಯಿಗೂ ಮಾರಾಟವಾದವು.

ಈ ಅಂಕಿಗಳನ್ನು ಮಾರುಕಟ್ಟೆಯ ದರವೆಂದು ತಿಳಿಯಬಾರದು. ಇವೆಲ್ಲವುಗಳಲ್ಲಿ ಎರಡು ವಿಶೇಷಗಳಿವೆ. ಒಂದು, ಹರಾಜಿನ ಹಣ ಸಾರ್ವಜನಿಕ ಉದ್ದೇಶಕ್ಕೆ ಸಲ್ಲುವಂಥದ್ದು. ಆದ್ದರಿಂದ ಕೊಂಡವರು ತೆತ್ತ ಬೆಲೆಯಲ್ಲಿ ದಾನದ ಪಾಲೂ ಸೇರಿದೆ. ಎರಡು, ವಸ್ತುವು ಆಟಗಾರನ ಕೈಯಿಂದಲೇ, ಎಲ್ಲರೂ ನೋಡುತ್ತಿರುವಂತೆ ಹರಾಜಿಗೆ ಬಂದದ್ದು. ಮೂಲದ ಬಗ್ಗೆ ಸಂದೇಹಕ್ಕೆ ಎಡೆಯಿಲ್ಲ. ಅಂಗಡಿಯ ಕಪಾಟಿನಲ್ಲಿರುವ ಸಹಿಯುಳ್ಳ ಜೆರ್ಸಿಗೆ ಈ ಎರಡೂ ಇಲ್ಲದಿರಬಹುದು. ‘ಇಂಥದ್ದೇ ಜೆರ್ಸಿ ನಲವತ್ತು ಲಕ್ಷಕ್ಕೆ ಹೋಗಿದೆ, ಇಲ್ಲಿ ನಲವತ್ತು ಸಾವಿರ ಮಾತ್ರ’ ಎಂದು ಹೇಳುವ ಮಾರಾಟಗಾರನು ಎರಡು ಬೇರೆ ಸರಕುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದಾನೆ.

ಬೆಂಗಳೂರಿನಲ್ಲಿ ನಡೆದ ಒಂದು ಪ್ರಯತ್ನ

ಈ ವ್ಯಾಪಾರವನ್ನು ಸಂಘಟಿತವಾಗಿ ನಡೆಸುವ ಪ್ರಯತ್ನ ನಮ್ಮ ರಾಜ್ಯದಲ್ಲಿಯೇ ನಡೆದಿದೆ. ಬೆಂಗಳೂರಿನ ಯೂನಿವರ್ಸಲ್ ಸ್ಪೋರ್ಟ್ಸ್‌ಬಿಜ್ ಸಂಸ್ಥೆಯು 2012ರಲ್ಲಿ ಅಂಜನಾ ರೆಡ್ಡಿಯವರ ನೇತೃತ್ವದಲ್ಲಿ ‘ಕಲೆಕ್ಟಬಿಲಿಯಾ’ ಎಂಬ ಹೆಸರಿನಿಂದ ಕ್ರೀಡೆ ಮತ್ತು ಚಲನಚಿತ್ರ ತಾರೆಯರ ಸ್ಮರಣಿಕೆಗಳ ಮಾರಾಟಕ್ಕೆ ಕೈಹಾಕಿತು. ಸಚಿನ್ ತೆಂಡೂಲ್ಕರ್ ಆ ಸಂಸ್ಥೆಯೊಂದಿಗೆ ಕೈಜೋಡಿಸಿದ್ದರು. ಆದರೆ ಕೆಲವೇ ವರ್ಷಗಳಲ್ಲಿ ಸಂಸ್ಥೆಯ ಮುಖ್ಯ ವ್ಯವಹಾರ ಸಿದ್ಧ ಉಡುಪುಗಳ ಕಡೆಗೆ ತಿರುಗಿತು. 2014ರಲ್ಲಿ ವಿರಾಟ್ ಕೊಹ್ಲಿಯವರೊಂದಿಗೆ ಆರಂಭಿಸಿದ ‘ರಾಂಗ್’ ಉಡುಪುಗಳೇ ಇಂದು ಅದರ ಹೆಚ್ಚಿನ ಪರಿಚಯ.

ವ್ಯಾಪಾರಸ್ಥರಿಗೆ ಇದರಲ್ಲಿ ಪಾಠವಿದೆ. ಉಡುಪನ್ನು ಬೇಡಿಕೆಯಿದ್ದಷ್ಟು ಹೊಲಿಸಬಹುದು. ಸಹಿಯನ್ನು ಹಾಗೆ ತಯಾರಿಸಲಾಗದು. ಆಟಗಾರನ ಬಿಡುವು, ಅವನ ಸಂಭಾವನೆ, ಸಹಿಯ ವೇಳೆಗೆ ಸಾಕ್ಷಿ, ದಾಖಲೆ, ಚೌಕಟ್ಟು ಇವೆಲ್ಲದರ ವೆಚ್ಚ ಪ್ರತಿಯೊಂದು ವಸ್ತುವಿನ ಮೇಲೂ ಬೀಳುತ್ತದೆ. ಕೊಳ್ಳುವವರು ಕಡಿಮೆ, ಒಮ್ಮೆ ಕೊಂಡವರು ಬೇಗನೆ ಮತ್ತೆ ಬರುವುದೂ ಕಡಿಮೆ. ಆದ್ದರಿಂದ ಹೆಸರಾಂತ ಆಟಗಾರರ ಸಹಿಯನ್ನು ಬಹಳ ಅಗ್ಗವಾಗಿ, ಎಷ್ಟು ಬೇಕಾದರೂ ಕೊಡುತ್ತೇನೆಂದು ಯಾರಾದರೂ ಮುಂದೆ ಬಂದರೆ, ಆ ಅಗ್ಗವೇ ಮೊದಲ ಎಚ್ಚರಿಕೆಯೆಂದು ಭಾವಿಸಬೇಕು.

ಅಮೆರಿಕದ ಅನುಭವ

ನಕಲಿ ಸಹಿಗಳ ಹಾವಳಿ ಎಷ್ಟರ ಮಟ್ಟಿಗೆ ಬೆಳೆಯಬಲ್ಲದು ಎಂಬುದಕ್ಕೆ ಅಮೆರಿಕದ ಉದಾಹರಣೆ ಪ್ರಸಿದ್ಧವಾಗಿದೆ. ಅಲ್ಲಿ 1990ರ ದಶಕದ ಕೊನೆಯಲ್ಲಿ ತನಿಖಾ ಸಂಸ್ಥೆಯಾದ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಎಂಬ ಕಾರ್ಯಾಚರಣೆ ನಡೆಸಿ, ನಕಲಿ ಸಹಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದ ಜಾಲವನ್ನು ಬಯಲಿಗೆಳೆಯಿತು. ಸ್ಯಾನ್ ಡಿಯಾಗೋ ತಂಡದ ಹೆಸರಾಂತ ಬೇಸ್‌ಬಾಲ್ ಆಟಗಾರ ಟೋನಿ ಗ್ವಿನ್ ತನ್ನದೇ ತಂಡದ ಮಳಿಗೆಯಲ್ಲಿ ತನ್ನ ಹೆಸರಿನ ನಕಲಿ ಸಹಿಗಳನ್ನು ಕಂಡಿದ್ದರು. ವಶಪಡಿಸಿಕೊಂಡ ವಸ್ತುಗಳಲ್ಲಿ ಮದರ್ ತೆರೇಸಾ ಅವರ ಸಹಿಯುಳ್ಳ ಬೇಸ್‌ಬಾಲ್ ಚೆಂಡುಗಳೂ ಇದ್ದವು. ಕೊಲ್ಕತ್ತದಲ್ಲಿ ದೀನರ ಸೇವೆ ಮಾಡುತ್ತಿದ್ದ ಆ ತಾಯಿ ಬೇಸ್‌ಬಾಲ್ ಚೆಂಡಿಗೆ ಏಕೆ ಸಹಿ ಹಾಕುತ್ತಿದ್ದರೆಂದು ಕೊಳ್ಳುವವರು ಯೋಚಿಸುವುದಿಲ್ಲವೆಂಬುದು ವಂಚಕರ ಲೆಕ್ಕ.

ಆ ಜಾಲದವರು ಸಹಿಯ ಜೊತೆಗೆ ದೃಢೀಕರಣ ಪತ್ರಗಳನ್ನೂ ತಾವೇ ಸಿದ್ಧಪಡಿಸುತ್ತಿದ್ದರು. ಸಹಿಯನ್ನೇ ನಕಲು ಮಾಡಬಲ್ಲವನಿಗೆ ಪತ್ರವೊಂದನ್ನು ಅಚ್ಚು ಹಾಕಿಸುವುದು ಕಷ್ಟವಲ್ಲ. ಈ ಘಟನೆಯ ನಂತರ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆಯು 2001ರಲ್ಲಿ ತನ್ನದೇ ದೃಢೀಕರಣ ವ್ಯವಸ್ಥೆಯನ್ನು ಜಾರಿಗೆ ತಂದಿತು. ಅದರ ತತ್ತ್ವ ಸರಳ: ಸಹಿಯನ್ನು ಆಮೇಲೆ ಪರೀಕ್ಷಿಸುವುದಲ್ಲ, ಸಹಿ ಮಾಡುವಾಗಲೇ ಅಥವಾ ವಸ್ತುವನ್ನು ಮೈದಾನದಿಂದ ತರುವಾಗಲೇ ನಿಯೋಜಿತ ಸಾಕ್ಷಿಯೊಬ್ಬನು ಸ್ಥಳದಲ್ಲಿದ್ದು ನೋಡುವುದು, ನೋಡಿದ ವಸ್ತುವಿಗೆ ಸಂಖ್ಯೆಯುಳ್ಳ ಹೊಲೊಗ್ರಾಂ ಅಂಟಿಸಿ ದಾಖಲಿಸುವುದು. ಮುಂದೆ ಯಾರು ಬೇಕಾದರೂ ಆ ಸಂಖ್ಯೆಯಿಂದ ವಸ್ತುವಿನ ಪೂರ್ವವೃತ್ತವನ್ನು ತಿಳಿಯಬಹುದು.

ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿ ದೊರೆಯುತ್ತದೆ. ಹಸ್ತಾಕ್ಷರಕ್ಕೆ ಒರೆಗಲ್ಲು ಅದರ ಇತಿಹಾಸವೇ. ಯಾರು, ಎಲ್ಲಿ, ಎಂದು, ಯಾರ ಮುಂದೆ ಸಹಿ ಮಾಡಿದರು. ಅಲ್ಲಿಂದ ಯಾರ ಕೈಗಳ ಮೂಲಕ ಅಂಗಡಿಗೆ ಬಂದಿತು ಎಂಬ ಸರಪಳಿಯಲ್ಲಿ ಒಂದು ಕೊಂಡಿಯೂ ತಪ್ಪಿರಬಾರದು. ಭಾರತದಲ್ಲಿ ಚಿನ್ನಕ್ಕಿರುವಂತಹ ಕಡ್ಡಾಯವಾದ ಸರ್ಕಾರಿ ಮುದ್ರೆ ಕ್ರೀಡಾ ಸಹಿಗಳಿಗೆ ಇಲ್ಲ. ಆದ್ದರಿಂದ ಆ ಸರಪಳಿಯನ್ನು ಕೇಳಿ ಪಡೆಯುವ ಹೊಣೆ ಗ್ರಾಹಕನದೇ.

ಕಣ್ಣಿನ ಪರೀಕ್ಷೆ ಎಷ್ಟರ ಮಟ್ಟಿಗೆ?

ಅಂಗಡಿಯಲ್ಲಿಯೇ ಮಾಡಬಹುದಾದ ಕೆಲವು ಪರೀಕ್ಷೆಗಳಿವೆ. ಭೂತಗನ್ನಡಿಯಿಂದ ನೋಡಿದಾಗ ಸಹಿಯ ಗೆರೆ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಕಂಡರೆ ಅದು ಮುದ್ರಿತ. ಕೈಯಿಂದ ಬರೆದ ಗೆರೆಯಲ್ಲಿ ಒತ್ತಡದ ಏರಿಳಿತವಿರುತ್ತದೆ. ಗೆರೆಗಳು ಒಂದನ್ನೊಂದು ದಾಟುವಲ್ಲಿ ಶಾಯಿ ದಟ್ಟವಾಗಿರುತ್ತದೆ. ಒಬ್ಬನೇ ವ್ಯಕ್ತಿಯ ಎರಡು ಸಹಿಗಳು ಎಂದೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುವುದಿಲ್ಲ. ಹೊಂದಿದರೆ ಯಂತ್ರದ ಕೆಲಸವೆಂದು ಸಂಶಯಿಸಬೇಕು.

ವಸ್ತುವಿನ ಕಾಲವನ್ನೂ ಸಹಿಯ ಕಾಲವನ್ನೂ ತಾಳೆ ನೋಡಬೇಕು. ಭಾರತ ತಂಡದ ಜೆರ್ಸಿಯ ಮೇಲೆ ಬೈಜೂಸ್ ಹೆಸರು ಬಂದದ್ದು 2019ರಲ್ಲಿ. ಆ ಹೆಸರಿರುವ ಜೆರ್ಸಿಯನ್ನು 2018ರ ಪ್ರವಾಸದ್ದೆಂದು ಹೇಳಿದರೆ ಮಾತು ನಿಲ್ಲುವುದಿಲ್ಲ. ಶೇನ್ ವಾರ್ನ್ 2022ರ ಮಾರ್ಚ್‌ನಲ್ಲಿ ನಿಧನರಾದರು. ಅದಾದ ನಂತರ ತಯಾರಾದ ಚೆಂಡಿನ ಮೇಲೆ ಅವರ ಸಹಿ ಇರಲಾರದು.

ಆದರೆ ಒಂದು ಮಾತನ್ನು ಮರೆಯಬಾರದು. ಈ ಪರೀಕ್ಷೆಗಳು ಸುಳ್ಳನ್ನು ಹಿಡಿಯಬಲ್ಲವು, ಸತ್ಯವನ್ನು ಸ್ಥಾಪಿಸಲಾರವು. ಮುದ್ರಿತವಲ್ಲ, ಯಂತ್ರದ್ದಲ್ಲ, ಕಾಲಕ್ಕೆ ಹೊಂದುತ್ತದೆ ಎಂದು ತಿಳಿದ ಮೇಲೂ ಅದನ್ನು ಬರೆದ ಕೈ ಯಾರದೆಂಬ ಪ್ರಶ್ನೆ ಉಳಿದೇ ಇರುತ್ತದೆ.

ಮಳಿಗೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಈ ಸಹಿಯನ್ನು ಮಳಿಗೆಯವರೇ ಆಟಗಾರನಿಂದ ಪಡೆದರೇ, ಇಲ್ಲವೇ ಬೇರೆಯವರಿಂದ ಕೊಂಡರೇ? ಕೊಂಡಿದ್ದರೆ ಯಾರಿಂದ?

2. ಸಹಿ ಮಾಡಿದ ದಿನಾಂಕ ಮತ್ತು ಸ್ಥಳದ ದಾಖಲೆ ಇದೆಯೇ? ಸಹಿ ಮಾಡುತ್ತಿರುವ ಛಾಯಾಚಿತ್ರವಿದ್ದರೆ ಅದರಲ್ಲಿ ಕಾಣುವುದು ಇದೇ ವಸ್ತುವೇ, ಅಥವಾ ಅಂತಹುದೇ ಇನ್ನೊಂದೇ? ಮರದ ಗೆರೆಗಳು, ಸಹಿ ಇರುವ ಜಾಗ ಇವುಗಳಿಂದ ಗುರುತಿಸಬಹುದು.

3. ದೃಢೀಕರಣ ಪತ್ರವನ್ನು ಕೊಟ್ಟವರು ಯಾರು? ಮಾರುವವನೇ ತನ್ನ ಸರಕಿಗೆ ಕೊಟ್ಟ ಪತ್ರವು ಅವನ ಮಾತಿನಷ್ಟೇ ಬೆಲೆಯುಳ್ಳದ್ದು. ಪತ್ರದ ಸಂಖ್ಯೆ, ವಸ್ತುವಿನ ಮೇಲಿನ ಹೊಲೊಗ್ರಾಂ ಸಂಖ್ಯೆ ಮತ್ತು ನೀಡಿದ ಸಂಸ್ಥೆಯ ದಾಖಲೆ ಮೂರೂ ಒಂದೇ ಆಗಿರಬೇಕು. ಸಂಸ್ಥೆಯನ್ನು ಪತ್ರದಲ್ಲಿ ಮುದ್ರಿಸಿದ ದೂರವಾಣಿಯಿಂದಲ್ಲದೆ ಬೇರೆ ಮಾರ್ಗದಿಂದ ಸಂಪರ್ಕಿಸುವುದು ಒಳಿತು.

4. ‘ಸೀಮಿತ ಸಂಖ್ಯೆ’ ಎಂದಿದ್ದರೆ ಒಟ್ಟು ಎಷ್ಟು, ಇದು ಎಷ್ಟನೆಯದು? ಇತರ ಗಾತ್ರಗಳಲ್ಲಿ ಬೇರೆ ಸರಣಿಗಳಿವೆಯೇ?

5. ಸಹಿ ನಕಲಿಯೆಂದು ಮುಂದೆ ಕಂಡುಬಂದರೆ ಪೂರ್ತಿ ಹಣವನ್ನು ಹಿಂದಿರುಗಿಸುವ ಲಿಖಿತ ಭರವಸೆ ಇದೆಯೇ? ಅದಕ್ಕೆ ಕಾಲಮಿತಿ ಎಷ್ಟು?

6. ಚೌಕಟ್ಟಿನಿಂದ ವಸ್ತುವನ್ನು ಹೊರತೆಗೆದು ತೋರಿಸುವರೇ? ಗಾಜಿನ ಹಿಂದೆ ಮಾತ್ರ ತೋರಿಸುವ ಸರಕನ್ನು ಕೊಳ್ಳಬಾರದು.

ಒಳ್ಳೆಯ ಮಳಿಗೆಯವರು ಈ ಪ್ರಶ್ನೆಗಳಿಂದ ಬೇಸರಗೊಳ್ಳುವುದಿಲ್ಲ. ಅವರ ನಿಜವಾದ ದಾಸ್ತಾನು ಕಪಾಟಿನಲ್ಲಿರುವ ಬ್ಯಾಟುಗಳಲ್ಲ, ಬೀರುವಿನಲ್ಲಿರುವ ಕಡತಗಳು. ಈ ವ್ಯಾಪಾರಕ್ಕೆ ಇಳಿಯಬಯಸುವ ಯುವಕರೂ ಇದನ್ನು ಮನಗಾಣಬೇಕು.

ಬಿಲ್ಲು ಮತ್ತು ಕಾನೂನು

ಖರೀದಿಯ ಬಿಲ್ಲಿನಲ್ಲಿ ‘ಬ್ಯಾಟು – 1’ ಎಂದು ಬರೆಸಿಕೊಂಡು ಬರುವುದು ದೊಡ್ಡ ತಪ್ಪು. ಇಂಥ ಆಟಗಾರನ ಸ್ವಹಸ್ತ ಸಹಿಯುಳ್ಳ ಬ್ಯಾಟು, ದೃಢೀಕರಣ ಸಂಖ್ಯೆ ಇಷ್ಟು ಎಂದು ಸ್ಪಷ್ಟವಾಗಿ ಬರೆಸಬೇಕು. 1930ರ ಸರಕು ಮಾರಾಟ ಅಧಿನಿಯಮದ 15ನೆಯ ಪ್ರಕರಣದಂತೆ, ವರ್ಣನೆಯ ಮೇಲೆ ಮಾರಿದ ಸರಕು ಆ ವರ್ಣನೆಗೆ ಹೊಂದಿರಲೇಬೇಕು. ಬಿಲ್ಲಿನಲ್ಲಿ ವರ್ಣನೆ ಇಲ್ಲದಿದ್ದರೆ ಈ ರಕ್ಷಣೆಯನ್ನು ಪಡೆಯುವುದು ಕಷ್ಟ. ‘ಇದ್ದ ಸ್ಥಿತಿಯಲ್ಲಿಯೇ ಮಾರಲಾಗಿದೆ’ ಎಂಬ ಒಕ್ಕಣೆಯಿದ್ದರೆ ಅದನ್ನು ತೆಗೆಸಿಯೇ ಹಣ ಕೊಡಬೇಕು.

ಸ್ವಂತಕ್ಕಾಗಿ ಕೊಂಡ ಗ್ರಾಹಕನು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಅಡಿಯಲ್ಲಿ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಬಹುದು. ಮಾರಾಟಗಾರನು ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಇದ್ದರೂ ದೂರುದಾರನು ತಾನು ವಾಸವಾಗಿರುವ ವ್ಯಾಪ್ತಿಯ ಆಯೋಗದಲ್ಲಿಯೇ ದೂರು ಕೊಡಲು ಈ ಕಾನೂನು ಅವಕಾಶ ಕಲ್ಪಿಸಿದೆ. ತೆಲಿಗಿಯಂತಹ ಊರಿನವರಿಗೆ ಇದು ಮಹತ್ವದ ಸೌಲಭ್ಯ. ಪಾವತಿಸಿದ ಮೊತ್ತ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವ್ಯಾಜ್ಯದ ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಮೊದಲ ಹಂತದ ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ವ್ಯಾಪಾರಿಗಳು ಮಾತ್ರ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮರುಮಾರಾಟಕ್ಕಾಗಿ ಅಥವಾ ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವರು ಈ ಕಾನೂನಿನ ಅರ್ಥದಲ್ಲಿ ‘ಗ್ರಾಹಕ’ರಲ್ಲ. ಅಂಥವರಿಗೆ ಸರಕು ಮಾರಾಟ ಅಧಿನಿಯಮವೂ ಸಿವಿಲ್ ನ್ಯಾಯಾಲಯವೂ ಗತಿ. ಆದ್ದರಿಂದ ಅವರ ಮಟ್ಟಿಗೆ ಲಿಖಿತ ಭರವಸೆ ಇನ್ನಷ್ಟು ಅಗತ್ಯ.

ತೆರಿಗೆಯ ವಿಷಯದಲ್ಲಿಯೂ ಎರಡು ಅಂಶಗಳಿವೆ. ಸಂಸ್ಥೆಯ ಹೆಸರಿನಲ್ಲಿ ಕೊಂಡು ಉಡುಗೊರೆಯಾಗಿ ಕೊಟ್ಟ ಸರಕಿನ ಮೇಲೆ ತೆತ್ತ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಬಳಸಿದ ಹಳೆಯ ವಸ್ತುಗಳನ್ನು ಕೊಂಡು ಮಾರುವ ನೋಂದಾಯಿತ ವ್ಯಾಪಾರಿಗಳು, ಖರೀದಿಯ ಮೇಲೆ ತೆರಿಗೆ ಜಮೆ ಪಡೆಯದಿದ್ದಲ್ಲಿ, ಕೊಂಡ ಮತ್ತು ಮಾರಿದ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆ ಲೆಕ್ಕ ಹಾಕಲು ನಿಯಮಗಳಲ್ಲಿ ಅವಕಾಶವಿದೆ. ತಮ್ಮ ವಸ್ತು ಯಾವ ವರ್ಗಕ್ಕೆ ಸೇರುತ್ತದೆಂದು ಲೆಕ್ಕಪರಿಶೋಧಕರಲ್ಲಿ ವಿಚಾರಿಸಿಕೊಳ್ಳುವುದು ಸೂಕ್ತ.

ಕೊಂಡ ನಂತರದ ಜೋಪಾಸನೆ

ಸಹಿಗೆ ಮೊದಲ ಶತ್ರು ಬಿಸಿಲು. ಕಿಟಕಿಯ ಎದುರಿನ ಗೋಡೆಗೆ ತೂಗುಹಾಕಿದ ಜೆರ್ಸಿಯ ಶಾಯಿ ಬೇಗನೆ ಮಾಸುತ್ತದೆ. ನೇರಳಾತೀತ ಕಿರಣಗಳನ್ನು ತಡೆಯುವ ಗಾಜು ಅಥವಾ ಅಕ್ರಿಲಿಕ್ ಹಾಳೆಯ ಚೌಕಟ್ಟು ಲೇಸು. ಅಡುಗೆಮನೆಯ ಹೊಗೆ, ದೇವರಮನೆಯ ದೀಪದ ಮಸಿ ಇವುಗಳಿಂದ ದೂರವಿಡಬೇಕು. ಬ್ಯಾಟಿಗೆ ಅಗಸೆ ಎಣ್ಣೆ ಸವರುವ ರೂಢಿಯನ್ನು ಸಹಿಯುಳ್ಳ ಬ್ಯಾಟಿನ ಮಟ್ಟಿಗೆ ಬಿಡಬೇಕು. ಛಾಯಾಚಿತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬಾರದು. ಮಾಸಿದ ಸಹಿಯ ಮೇಲೆ ಯಾರಿಂದಲೂ ಮತ್ತೆ ಬರೆಸಬಾರದು. ಅಂದಿಗೆ ಅದರ ಬೆಲೆ ಮುಗಿಯಿತು. ಬಿಲ್ಲು, ದೃಢೀಕರಣ ಪತ್ರ ಮತ್ತು ಛಾಯಾಚಿತ್ರಗಳನ್ನು ಚೌಕಟ್ಟಿನ ಹಿಂದೆ ಅಂಟಿಸದೆ ಬೇರೆ ಕಡತದಲ್ಲಿ ಇಡಬೇಕು. ಮಾರುವಾಗ ಆ ಕಡತವೂ ವಸ್ತುವಿನೊಂದಿಗೆ ಹೋಗಬೇಕು.

ಹತ್ತಿರದ ಮೂಲವೇ ಲೇಸು

ತೆಲಿಗಿಯ ವ್ಯಾಪಾರಿಯ ಉದಾಹರಣೆಗೆ ಹಿಂದಿರುಗಿದರೆ, ಅವರ ಮುಂದೆ ಇನ್ನೊಂದು ದಾರಿಯೂ ಇದೆ. ದೂರದ ತಾರೆಯ ಸಂದೇಹಾಸ್ಪದ ಸಹಿಗಿಂತ ಹತ್ತಿರದ ಆಟಗಾರನ ನಿಸ್ಸಂದೇಹವಾದ ಸಹಿ ಮೇಲು. ನೆರೆಯ ದಾವಣಗೆರೆಯವರೇ ಆದ ಆರ್. ವಿನಯ್ ಕುಮಾರ್ ಭಾರತದ ಪರವಾಗಿ ಆಡಿದವರು. ಅವರ ನಾಯಕತ್ವದಲ್ಲಿ ಕರ್ನಾಟಕವು 2013-14 ಮತ್ತು 2014-15ರಲ್ಲಿ ಸತತವಾಗಿ ರಣಜಿ ಟ್ರೋಫಿ ಗೆದ್ದಿತು. ಇಂತಹ ಆಟಗಾರರು ಸಮಾರಂಭಕ್ಕೆ ಬಂದಾಗ ಊರಿನವರ ಎದುರಿನಲ್ಲಿಯೇ ಹೊಸ ಚೆಂಡಿಗೆ ಸಹಿ ಪಡೆದು, ಛಾಯಾಚಿತ್ರ ತೆಗೆಸಿ, ದಿನಾಂಕ ಬರೆದಿಟ್ಟರೆ ಅದಕ್ಕೆ ಬೇರೆ ದೃಢೀಕರಣ ಬೇಕಾಗುವುದಿಲ್ಲ. ನೂರಾರು ಜನರ ಕಣ್ಣುಗಳೇ ಸಾಕ್ಷಿ. ಹರಾಜಿನಲ್ಲಿ ಅದಕ್ಕೆ ಬರುವ ಹಣ ಕಡಿಮೆಯಾಗಬಹುದು. ಆದರೆ ಬಂದಷ್ಟೂ ನಿಶ್ಚಿಂತೆಯ ಹಣ.

ಮಳಿಗೆಯಿಂದಲೇ ಕೊಳ್ಳುವುದಾದರೆ ಅವಸರ ಸಲ್ಲದು. ಪಂದ್ಯಾವಳಿಯ ಹಿಂದಿನ ವಾರವಲ್ಲ, ಎರಡು ತಿಂಗಳು ಮೊದಲೇ ಕೊಂಡು ದಾಖಲೆಗಳನ್ನು ತಾಳೆ ನೋಡಿಸಬೇಕು. ಹರಾಜಿನ ದಿನ ಬ್ಯಾಟಿನ ಪಕ್ಕದಲ್ಲಿ ಆ ಕಡತವನ್ನೂ ಎಲ್ಲರೂ ನೋಡುವಂತೆ ಇಡಬೇಕು. ಕಡತ ತೋರಿಸಲಾಗದ ವಸ್ತುವನ್ನು ಹರಾಜಿಗಿಡದೆ ಹಿಂದಿರುಗಿಸುವುದೇ ವ್ಯಾಪಾರ ಧರ್ಮ.